ಕಾಲ ಬದಲಾಯಿತೋ, ಮಾತು ತಪ್ಪಿತೋ? ಚುನಾವಣಾ ಭರವಸೆಗಳನ್ನು ಅಳೆಯುವ ಬಗೆ

2025ರ ಫೆಬ್ರುವರಿ 23ರಂದು ಜರ್ಮನಿಯಲ್ಲಿ ಚುನಾವಣೆ ನಡೆಯಿತು. ಅತಿ ಹೆಚ್ಚು ಮತ ಗಳಿಸಿದ ಕ್ರಿಶ್ಚಿಯನ್ ಡೆಮಾಕ್ರಟಿಕ್ ಮೈತ್ರಿಕೂಟವು, ಸರ್ಕಾರ ಎಷ್ಟು ಸಾಲ ಮಾಡಬಹುದೆಂದು ಸಂವಿಧಾನ ಹಾಕಿರುವ ಮಿತಿಗೆ, ಅಂದರೆ ಸಾಲದ ಕಡಿವಾಣಕ್ಕೆ, ತಾನು ಬದ್ಧ ಎಂದು ಪ್ರಣಾಳಿಕೆಯಲ್ಲಿ ಬರೆದುಕೊಂಡಿತ್ತು. ಮತದಾನ ಮುಗಿದು ಹತ್ತು ದಿನ ತುಂಬುವ ಮೊದಲೇ, ಮಾರ್ಚ್ 4ರಂದು, ಕೂಟದ ನಾಯಕ ಫ್ರೆಡ್ರಿಕ್ ಮೆರ್ಜ್ ಆ ಕಡಿವಾಣವನ್ನು ಸಡಿಲಿಸುವುದಾಗಿ ಪ್ರಕಟಿಸಿದರು. ರಕ್ಷಣಾ ವೆಚ್ಚದಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ 1ನ್ನು ಮೀರುವ ಭಾಗಕ್ಕೆ ಸಾಲದ ಮಿತಿ ಅನ್ವಯಿಸುವುದಿಲ್ಲ. ಮೂಲಸೌಕರ್ಯಕ್ಕೆಂದೇ 50,000 ಕೋಟಿ ಯೂರೊಗಳ ಪ್ರತ್ಯೇಕ ನಿಧಿ. ಹೊಸ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಒದಗಿಸುವುದು ಕಷ್ಟವೆಂದು ತಿಳಿದು, ಅವಧಿ ಮುಗಿಯುತ್ತಿದ್ದ ಹಳೆಯ ಸದನವನ್ನೇ ಕರೆದು ಮಾರ್ಚ್ 18ರಂದು ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಪಡೆಯಲಾಯಿತು.

ಇದನ್ನು ಮತದಾರರಿಗೆ ಬಗೆದ ದ್ರೋಹ ಎಂದವರಿದ್ದಾರೆ. ಬದಲಾದ ಜಗತ್ತಿಗೆ ತಕ್ಕಂತೆ ನಡೆದುಕೊಂಡ ಹೊಣೆಗಾರಿಕೆ ಎಂದವರೂ ಇದ್ದಾರೆ. ಚುನಾವಣೆಯ ಮರುವಾರದಲ್ಲೇ ಶ್ವೇತಭವನದಲ್ಲಿ ಅಮೆರಿಕದ ಅಧ್ಯಕ್ಷರಿಗೂ ಉಕ್ರೇನ್ ಅಧ್ಯಕ್ಷರಿಗೂ ಕ್ಯಾಮೆರಾಗಳ ಎದುರೇ ಜಟಾಪಟಿ ನಡೆಯಿತು. ಅದರ ಬೆನ್ನಿಗೆ ಉಕ್ರೇನ್‌ಗೆ ಅಮೆರಿಕದ ಸೇನಾ ನೆರವು ತಾತ್ಕಾಲಿಕವಾಗಿ ನಿಂತಿತು. ಯುರೋಪ್ ತನ್ನ ರಕ್ಷಣೆಯ ಭಾರವನ್ನು ತಾನೇ ಹೊರಬೇಕಾದೀತು ಎಂಬ ಭಯ ಸುಳ್ಳಾಗಿರಲಿಲ್ಲ. ಹಾಗಿದ್ದರೆ ಇಲ್ಲಿ ಕಾಲ ಬದಲಾಯಿತೋ, ಮಾತು ತಪ್ಪಿತೋ? ಎರಡೂ ಕಡೆಯವರು ಒಂದೇ ಘಟನೆಯನ್ನು ಮುಂದಿಟ್ಟುಕೊಂಡು ತದ್ವಿರುದ್ಧ ತೀರ್ಮಾನಕ್ಕೆ ಬರುತ್ತಿರುವುದರಿಂದ ಓದುಗರಿಗೆ ಗೊಂದಲವಾಗುವುದು ಸಹಜ.

ಈ ಗೊಂದಲ ಜರ್ಮನಿಯೊಂದರದ್ದಲ್ಲ. ನಾಳೆ ಏನಾಗುವುದೋ ಯಾರಿಗೂ ತಿಳಿಯದು. ಆದರೂ ಪ್ರಜಾಪ್ರಭುತ್ವ ನಡೆಯುವುದೇ ನಾಳೆಯ ಬಗ್ಗೆ ಕೊಟ್ಟ ಮಾತಿನ ಮೇಲೆ. ಈ ಇಕ್ಕಟ್ಟಿನಲ್ಲಿ ಮಾತು ಉಳಿಸಿಕೊಳ್ಳುವುದು ಎಂದರೆ ಏನು ಎಂಬುದನ್ನು ಬಿಡಿಸಿ ನೋಡಬೇಕು.

ಭರವಸೆ ಕೊಡುವುದೆಂದರೆ ನಷ್ಟ ಹೊರುವುದು

ಮೊದಲು ಭರವಸೆಗೂ ಅಂದಾಜಿಗೂ ಇರುವ ವ್ಯತ್ಯಾಸ. "ಮುಂದಿನ ವರ್ಷ ತೆರಿಗೆ ಏರಲಿಕ್ಕಿಲ್ಲ" ಎಂದು ಅರ್ಥಶಾಸ್ತ್ರಜ್ಞರು ಹೇಳಿದರೆ ಅದು ಅಂದಾಜು. ಲೆಕ್ಕ ತಪ್ಪಿದರೆ ಅವರನ್ನು ಯಾರೂ ವಚನಭ್ರಷ್ಟರು ಎನ್ನುವುದಿಲ್ಲ. "ತೆರಿಗೆ ಏರಿಸುವುದಿಲ್ಲ" ಎಂದು ಅಧಿಕಾರ ಕೇಳಲು ಬಂದವರು ಹೇಳಿದರೆ ಅದು ಭರವಸೆ. ಅದರ ಒಳಗೆ ಇನ್ನೊಂದು ಮಾತು ಅಡಗಿದೆ: ಆದಾಯ ಕುಸಿದರೆ, ವೆಚ್ಚ ಹೆಚ್ಚಿದರೆ, ಯುದ್ಧ ಬಂದರೆ, ಆ ನಷ್ಟವನ್ನು ನಿಮ್ಮ ತಲೆಯ ಮೇಲೆ ಹೊರಿಸದೆ ಬೇರೆ ದಾರಿ ಹುಡುಕುವುದು ನಮ್ಮ ಹೊಣೆ. ಎಲ್ಲವೂ ಅಂದುಕೊಂಡಂತೆಯೇ ನಡೆಯುವುದಾದರೆ ಭರವಸೆಯ ಅಗತ್ಯವೇ ಇರುವುದಿಲ್ಲ. ಅನಿಶ್ಚಿತತೆ ಇರುವುದರಿಂದಲೇ ಜನ ಮಾತು ಕೇಳುತ್ತಾರೆ. ಹೀಗಿರುವಾಗ "ಪರಿಸ್ಥಿತಿ ಬದಲಾಯಿತು" ಎನ್ನುವುದು ತಾನಾಗಿಯೇ ಸಮರ್ಥನೆಯಾಗುವುದಿಲ್ಲ. ಯಾವ ಪರಿಸ್ಥಿತಿ, ಎಷ್ಟು ಬದಲಾಯಿತು, ಅದು ಮೊದಲೇ ಕಾಣುತ್ತಿತ್ತೇ ಎಂದು ಕೇಳಲೇಬೇಕಾಗುತ್ತದೆ.

ಇಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಗುರುತಿಸಿದ ಒಂದು ಭೇದ ನೆರವಿಗೆ ಬರುತ್ತದೆ. ಕೆಲವು ಅಪಾಯಗಳ ಸಾಧ್ಯತೆಯನ್ನು ಹಿಂದಿನ ಅನುಭವದಿಂದ ಅಳೆಯಬಹುದು. ಆರ್ಥಿಕ ಹಿಂಜರಿತ, ಬೆಲೆ ಏರಿಕೆ, ಸಮ್ಮಿಶ್ರ ಸರ್ಕಾರದ ಅನಿವಾರ್ಯ, ದೊಡ್ಡ ಕಾಮಗಾರಿಯ ವೆಚ್ಚ ಅಂದಾಜನ್ನು ಮೀರುವುದು ಇವೆಲ್ಲ ಈ ಗುಂಪಿನವು. ಯಾವಾಗ ಬರುತ್ತವೆ ಎಂದು ಹೇಳಲಾಗದಿದ್ದರೂ ಬಂದೇ ಬರುತ್ತವೆ ಎಂದು ಎಲ್ಲರಿಗೂ ಗೊತ್ತು. ಇನ್ನು ಕೆಲವು ಘಟನೆಗಳಿಗೆ ಅಳತೆಗೋಲೇ ಇಲ್ಲ. ರಾಜಕಾರಣದಲ್ಲಿ ನಡೆಯುವ ಕೈಚಳಕವೆಂದರೆ ಮೊದಲ ಬಗೆಯ ಅಪಾಯವನ್ನು ಎರಡನೆಯ ಬಗೆಯದೆಂದು ತೋರಿಸುವುದು.

ಬ್ರಿಸ್ಟಲ್‌ನಿಂದ ಇಂದಿನವರೆಗೆ: ಎರಡು ವಾದ

ಚುನಾಯಿತ ಪ್ರತಿನಿಧಿ ಜನರ ಆಜ್ಞೆಯನ್ನು ಪಾಲಿಸಬೇಕೋ, ತನ್ನ ವಿವೇಕವನ್ನು ಬಳಸಬೇಕೋ ಎಂಬ ಚರ್ಚೆ ಹಳೆಯದು. 1774ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮತದಾರರ ಮುಂದೆ ಮಾತನಾಡಿದ ಸಂಸದ ಎಡ್ಮಂಡ್ ಬರ್ಕ್, ಪ್ರತಿನಿಧಿ ತನ್ನ ತೀರ್ಮಾನಶಕ್ತಿಯನ್ನು ಜನರ ಅಭಿಪ್ರಾಯಕ್ಕೆ ಬಲಿ ಕೊಟ್ಟರೆ ಅದು ಜನಸೇವೆಯಾಗದು ಎಂದು ವಾದಿಸಿದರು. ಪರಿಸ್ಥಿತಿ ಬದಲಾದಾಗಲೂ ಹಳೆಯ ಮಾತಿಗೆ ಜೋತುಬಿದ್ದು ದೇಶಕ್ಕೆ ಹಾನಿ ಮಾಡುವ ನಾಯಕನನ್ನು ಯಾರೂ ಬಯಸುವುದಿಲ್ಲ ಎಂಬುದು ಈ ವಾದದ ತಿರುಳು.

ಎದುರು ವಾದವೂ ಹಗುರವಾದುದಲ್ಲ. ಮತದಾರರ ಕೈಯಲ್ಲಿ ಇರುವುದು ನಾಲ್ಕೈದು ವರ್ಷಗಳಿಗೊಮ್ಮೆ ಸಿಗುವ ಒಂದು ಮತ. ಆ ಮತವನ್ನು ಅವರು ಪ್ರಣಾಳಿಕೆ ನೋಡಿ ಕೊಡುತ್ತಾರೆ. ಗೆದ್ದವರು ಅದನ್ನು ಬದಿಗಿಟ್ಟು ಬೇರೆಯದನ್ನೇ ಮಾಡುವುದಾದರೆ ಚುನಾವಣೆಯಲ್ಲಿ ಆಯ್ಕೆ ಎಂಬುದೇ ಉಳಿಯುವುದಿಲ್ಲ. ಬರ್ಕ್ ವಾದಕ್ಕೆ ಬೆಲೆ ಬರಬೇಕಾದರೆ, "ನನ್ನ ವಿವೇಕಕ್ಕೆ ಮತ ಕೊಡಿ" ಎಂದೇ ಕೇಳಿರಬೇಕು. ನಿರ್ದಿಷ್ಟ ಮಾತು ಕೊಟ್ಟು ಮತ ಪಡೆದು, ಆಮೇಲೆ ವಿವೇಕದ ಹೆಸರು ಹೇಳುವುದು ನ್ಯಾಯವಲ್ಲ. ಬರ್ಕ್ ಅವರಾದರೂ ತಮ್ಮ ನಿಲುವಿನ ಬೆಲೆ ತೆತ್ತರು: 1780ರಲ್ಲಿ ಬ್ರಿಸ್ಟಲ್‌ನಲ್ಲಿ ಸೋಲು ಖಚಿತವೆಂದು ಕಂಡಾಗ ಕಣದಿಂದ ಹಿಂದೆ ಸರಿದರು.

ಒಂದೇ ದಿನ ಮುರಿದ ಎರಡು ಮಾತು

ಅನಿಶ್ಚಿತತೆ ಎಲ್ಲಿ ನಿಜವಾದ ಕಾರಣ, ಎಲ್ಲಿ ನೆಪ ಎಂಬುದನ್ನು ತೋರಿಸಲು 2021ರ ಸೆಪ್ಟೆಂಬರ್ 7ರಂದು ಬ್ರಿಟನ್‌ನಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಂದು ಬೋರಿಸ್ ಜಾನ್ಸನ್ ಸರ್ಕಾರ 2019ರ ತನ್ನ ಪ್ರಣಾಳಿಕೆಯ ಎರಡು ಭರವಸೆಗಳಿಂದ ಒಟ್ಟಿಗೆ ಹಿಂದೆ ಸರಿಯಿತು. ಎರಡಕ್ಕೂ ಕೋವಿಡ್ ಸಾಂಕ್ರಾಮಿಕದತ್ತ ಬೊಟ್ಟು ಮಾಡಲಾಯಿತು. ಆದರೆ ಎರಡೂ ಒಂದೇ ಬಗೆಯವಲ್ಲ.

ಮೊದಲನೆಯದು ಪಿಂಚಣಿಯ "ಮೂರು ಬೀಗ"ದ ಸೂತ್ರ. ಸರಕಾರಿ ವೃದ್ಧಾಪ್ಯ ಪಿಂಚಣಿಯನ್ನು ಪ್ರತಿ ವರ್ಷ ಮೂರು ಅಳತೆಗಳಲ್ಲಿ ಯಾವುದು ಹೆಚ್ಚೋ ಅಷ್ಟು ಏರಿಸಬೇಕು: ಸರಾಸರಿ ವೇತನದ ಏರಿಕೆ, ಬೆಲೆ ಏರಿಕೆ, ಅಥವಾ ಶೇ 2.5. ಸಾಂಕ್ರಾಮಿಕ ಬಂದಾಗ ಈ ಸೂತ್ರದ ಒಳಗೆ ಯಾರೂ ಊಹಿಸದ ಏರುಪೇರು ಆಯಿತು. 2020ರಲ್ಲಿ ಲಕ್ಷಾಂತರ ಕೆಲಸಗಾರರು ಸರ್ಕಾರದ ನೆರವಿನಲ್ಲಿ ವೇತನದ ಶೇ 80ರಷ್ಟನ್ನು ಪಡೆಯುತ್ತ ಮನೆಯಲ್ಲಿದ್ದರು. ಹಾಗಾಗಿ ಸರಾಸರಿ ವೇತನ ತಗ್ಗಿತು. 2021ರಲ್ಲಿ ಅವರು ಪೂರ್ಣ ವೇತನಕ್ಕೆ ಮರಳಿದರು. ಕಡಿಮೆ ವೇತನದ ಅನೇಕ ಕೆಲಸಗಳು ಇಲ್ಲವಾಗಿದ್ದರಿಂದಲೂ ಸರಾಸರಿ ಮೇಲೇರಿತು. ಪರಿಣಾಮವಾಗಿ ಕಾಗದದ ಮೇಲೆ ವೇತನ ಶೇ 8ಕ್ಕಿಂತ ಹೆಚ್ಚು ಏರಿದಂತೆ ಕಂಡಿತು. ಕೆಲಸಗಾರರ ಮಾಮೂಲಿ ವೇತನ ನಿಜವಾಗಿ ಅಷ್ಟು ಏರಿರಲಿಲ್ಲ. ಸೂತ್ರವನ್ನು ಅಕ್ಷರಶಃ ಪಾಲಿಸಿದ್ದರೆ, ಅಂಕಿಅಂಶದ ಒಂದು ವಿಕಾರಕ್ಕೆ ಯುವ ತೆರಿಗೆದಾರರು ಹಣ ತೆರಬೇಕಾಗುತ್ತಿತ್ತು. ಸರ್ಕಾರ ಒಂದು ವರ್ಷದ ಮಟ್ಟಿಗೆ ವೇತನದ ಅಳತೆಯನ್ನು ಕೈಬಿಟ್ಟಿತು. ಭರವಸೆ ಕೊಟ್ಟ ದಿನ ಇಂಥದ್ದನ್ನು ಊಹಿಸುವುದು ಸಾಧ್ಯವಿರಲಿಲ್ಲ. ಬದಲಾವಣೆ ಒಂದು ವರ್ಷಕ್ಕೆ ಸೀಮಿತವಾಗಿತ್ತು. ಕಾರಣವನ್ನೂ ಬಹಿರಂಗವಾಗಿ ವಿವರಿಸಲಾಯಿತು. ಮಾತು ಮುರಿದದ್ದು ನಿಜ, ಆದರೆ ಸಮರ್ಥನೆಗೆ ತೂಕವಿತ್ತು.

ಆದರೂ ಇದರ ಮುಂದಿನ ಅಧ್ಯಾಯವನ್ನು ಬಿಡಲಾಗದು. 2022ರ ಏಪ್ರಿಲ್‌ನಲ್ಲಿ ಪಿಂಚಣಿ ಶೇ 3.1ರಷ್ಟು ಏರಿತು. ಅದೇ ತಿಂಗಳು ಬೆಲೆ ಏರಿಕೆ ದರ ಶೇ 9ಕ್ಕೆ ಮುಟ್ಟಿತು. ಅಂದರೆ ಸಮರ್ಥನೀಯವಾದ ತೀರ್ಮಾನದಲ್ಲೂ ಅನಿಶ್ಚಿತತೆಯ ಪೆಟ್ಟು ಬಿದ್ದದ್ದು ಮಾತು ಕೊಟ್ಟವರ ಮೇಲಲ್ಲ, ಆ ಮಾತನ್ನು ನಂಬಿ ಕುಳಿತಿದ್ದ ವೃದ್ಧರ ಮೇಲೆ. ಮರುವರ್ಷ ಸೂತ್ರ ಮತ್ತೆ ಜಾರಿಗೆ ಬಂದು ಪಿಂಚಣಿ ಶೇ 10.1ರಷ್ಟು ಹೆಚ್ಚಿತು; ಅಲ್ಲಿಯವರೆಗಿನ ಹನ್ನೆರಡು ತಿಂಗಳನ್ನು ಅವರು ಹೇಗೋ ತಳ್ಳಬೇಕಾಯಿತು.

ಎರಡನೆಯದು ತೆರಿಗೆ. ಆದಾಯ ತೆರಿಗೆ, ರಾಷ್ಟ್ರೀಯ ವಿಮಾ ವಂತಿಗೆ (ವೇತನದ ಮೇಲೆ ಕೆಲಸಗಾರರೂ ಉದ್ಯೋಗದಾತರೂ ತೆರುವ ಹಣ) ಮತ್ತು ಮೌಲ್ಯವರ್ಧಿತ ತೆರಿಗೆಯ ದರಗಳನ್ನು ಏರಿಸುವುದಿಲ್ಲ ಎಂದು 2019ರಲ್ಲಿ ಹೇಳಿದ್ದ ಪಕ್ಷ, ಆರೋಗ್ಯ ಸೇವೆಗೂ ವೃದ್ಧರ ಆರೈಕೆಗೂ ಹಣ ಹೊಂದಿಸಲು ವಿಮಾ ವಂತಿಗೆಯನ್ನು ಶೇಕಡಾ 1.25 ಅಂಶದಷ್ಟು ಏರಿಸಿತು. ಸಾಂಕ್ರಾಮಿಕ ರೋಗ ಯಾರ ಪ್ರಣಾಳಿಕೆಯಲ್ಲೂ ಇರಲಿಲ್ಲ ಎಂಬುದು ಜಾನ್ಸನ್ ಕೊಟ್ಟ ಕಾರಣ. ಮಾತು ಮುರಿದದ್ದನ್ನು ಅವರು ಒಪ್ಪಿಕೊಂಡರು, ಅಷ್ಟರ ಮಟ್ಟಿಗೆ ಸರಿ. ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಕಾಯುತ್ತಿದ್ದವರ ಸಾಲು ಸಾಂಕ್ರಾಮಿಕದಿಂದ ಬೆಳೆದದ್ದೂ ನಿಜ. ಆದರೆ ವೃದ್ಧರ ಆರೈಕೆಯ ವೆಚ್ಚ ಕೋವಿಡ್ ಹುಟ್ಟುಹಾಕಿದ ಸಮಸ್ಯೆಯೇ? ಸರ್ಕಾರವೇ ನೇಮಿಸಿದ್ದ ಆಯೋಗವೊಂದು 2011ರಲ್ಲಿಯೇ ಅದರ ಬಗ್ಗೆ ವರದಿ ಕೊಟ್ಟಿತ್ತು. 2014ರಲ್ಲಿ ಕಾಯ್ದೆ ಬಂತು, 2015ರಲ್ಲಿ ಜಾರಿ ಮುಂದೂಡಲಾಯಿತು. 2019ರ ಜುಲೈನಲ್ಲಿ ಪ್ರಧಾನಿ ಕಚೇರಿಯ ಮೆಟ್ಟಿಲಲ್ಲಿ ನಿಂತು, ಈ ಸಮಸ್ಯೆಯನ್ನು ಒಮ್ಮೆಗೇ ಬಗೆಹರಿಸಲು ಸಿದ್ಧ ಯೋಜನೆ ಇದೆ ಎಂದು ಜಾನ್ಸನ್ ಅವರೇ ಹೇಳಿದ್ದರು. ಹಣ ಬೇಕಾಗುತ್ತದೆ ಎಂದು ಗೊತ್ತಿತ್ತು. ಅದನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲದೆಯೇ ತೆರಿಗೆ ಏರಿಸುವುದಿಲ್ಲ ಎಂಬ ಮಾತು ಕೊಡಲಾಗಿತ್ತು. ಇಲ್ಲಿ ಎರಡು ಭರವಸೆಗಳು ಹುಟ್ಟಿದ ದಿನದಿಂದಲೇ ಒಂದನ್ನೊಂದು ಅಲ್ಲಗಳೆಯುತ್ತಿದ್ದವು. ಸಾಂಕ್ರಾಮಿಕ ಬಂದು ಆ ಬಿರುಕಿಗೆ ಹೊದಿಕೆ ಒದಗಿಸಿತು. ಮುಂದಿನ ಕಥೆ ಇನ್ನೂ ಬೇಸರದ್ದು. ಏರಿಸಿದ ವಂತಿಗೆಯನ್ನು 2022ರ ನವೆಂಬರ್‌ನಲ್ಲಿ ಹಿಂತೆಗೆದುಕೊಳ್ಳಲಾಯಿತು. ಆರೈಕೆಗಾಗಿ ಒಬ್ಬರು ತಮ್ಮ ಕೈಯಿಂದ ತೆರಬೇಕಾದ ವೆಚ್ಚಕ್ಕೆ ವಿಧಿಸಬೇಕಿದ್ದ ಮಿತಿಯನ್ನು ಮೊದಲು ಮುಂದೂಡಿ, 2024ರಲ್ಲಿ ಹೊಸ ಸರ್ಕಾರ ರದ್ದುಗೊಳಿಸಿತು.

ಗೊತ್ತಿದ್ದೂ ಕೊಟ್ಟ ಮಾತು

ಈ ಅಳತೆಗೋಲು ಹಿಡಿದು ಹಿಂದಿನ ಪ್ರಸಿದ್ಧ ಪ್ರಕರಣಗಳನ್ನು ನೋಡಿದರೆ ಚಿತ್ರ ತಿಳಿಯಾಗುತ್ತದೆ. 1988ರ ಆಗಸ್ಟ್‌ನಲ್ಲಿ ಅಮೆರಿಕದ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾರ್ಜ್ ಎಚ್.ಡಬ್ಲ್ಯು. ಬುಷ್, "ನನ್ನ ತುಟಿಗಳನ್ನೇ ಗಮನಿಸಿ: ಹೊಸ ತೆರಿಗೆ ಇಲ್ಲ" ಎಂದರು. 1990ರ ಜೂನ್‌ನಲ್ಲಿ ತೆರಿಗೆ ಆದಾಯ ಹೆಚ್ಚಿಸುವುದು ಅಗತ್ಯ ಎಂದು ಒಪ್ಪಿಕೊಂಡರು; ಆದಾಯ ತೆರಿಗೆಯ ಗರಿಷ್ಠ ದರ ಶೇ 28ರಿಂದ 31ಕ್ಕೆ ಏರಿತು. ಇದರಲ್ಲಿ ಅನಿರೀಕ್ಷಿತವಾದದ್ದು ಬಹಳ ಕಡಿಮೆ. ಬಜೆಟ್ ಕೊರತೆ 1988ರಲ್ಲೇ ದೊಡ್ಡದಿತ್ತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಎರಡೂ ಸದನಗಳು ಎದುರು ಪಕ್ಷದ ಕೈಯಲ್ಲಿದ್ದವು. ಭಾಷಣದ ಕರಡಿನಲ್ಲಿದ್ದ ಆ ಸಾಲಿಗೆ ಬುಷ್ ಅವರ ಸಲಹೆಗಾರ ರಿಚರ್ಡ್ ಡಾರ್ಮನ್ ಆಕ್ಷೇಪ ಎತ್ತಿದ್ದರು. ಆದರೂ ಸಾಲು ಉಳಿಯಿತು, ಏಕೆಂದರೆ ಅದಕ್ಕೆ ಚಪ್ಪಾಳೆ ಬೀಳುತ್ತಿತ್ತು. 1990ರಲ್ಲಿ ಮಾತು ಮುರಿದದ್ದು ಆರ್ಥಿಕವಾಗಿ ವಿವೇಕದ ಕ್ರಮವೇ ಎಂದು ಅನೇಕರು ಈಗ ಒಪ್ಪುತ್ತಾರೆ. ನನ್ನ ದೃಷ್ಟಿಯಲ್ಲೂ ತಪ್ಪು ನಡೆದದ್ದು 1990ರಲ್ಲಲ್ಲ, 1988ರಲ್ಲಿ.

ಬ್ರಿಟನ್ನಿನ ಲಿಬರಲ್ ಡೆಮಾಕ್ರಟ್ ಪಕ್ಷದ ಅಂದಿನ ನಾಯಕ ನಿಕ್ ಕ್ಲೆಗ್ ಈ ಸತ್ಯವನ್ನು ಬಾಯಿಬಿಟ್ಟು ಹೇಳಿದ ಅಪರೂಪದ ರಾಜಕಾರಣಿ. ವಿಶ್ವವಿದ್ಯಾಲಯದ ಶುಲ್ಕ ಏರಿಕೆಯನ್ನು ವಿರೋಧಿಸುತ್ತೇವೆ ಎಂಬ ಪತ್ರಕ್ಕೆ 2010ರ ಚುನಾವಣೆಗೆ ಮುನ್ನ ಅವರ ಪಕ್ಷದವರು ಸಹಿ ಹಾಕಿ, ಅದನ್ನು ಹಿಡಿದು ಫೋಟೊ ತೆಗೆಸಿಕೊಂಡಿದ್ದರು. ಸಮ್ಮಿಶ್ರ ಸರ್ಕಾರ ಸೇರಿದ ಮೇಲೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಶುಲ್ಕದ ಮಿತಿಯನ್ನು 9,000 ಪೌಂಡ್‌ಗೆ ಏರಿಸಲಾಯಿತು. 2012ರಲ್ಲಿ ಕ್ಲೆಗ್ ಕ್ಷಮೆ ಕೇಳಿದರು. ಈಡೇರಿಸಬಲ್ಲೆವೆಂಬ ಖಾತ್ರಿ ಇಲ್ಲದ ಮಾತನ್ನು ಕೊಡಲೇಬಾರದಿತ್ತು ಎಂಬುದು ಆ ಕ್ಷಮೆಯ ಒಕ್ಕಣೆ. ಅಷ್ಟರಲ್ಲಿ ಹೊತ್ತು ಮೀರಿತ್ತು. 2015ರಲ್ಲಿ ಪಕ್ಷದ ಸ್ಥಾನಗಳು 57ರಿಂದ 8ಕ್ಕೆ ಕುಸಿದವು. ಮೂರನೇ ದೊಡ್ಡ ಪಕ್ಷವೊಂದು ಅಧಿಕಾರಕ್ಕೆ ಬರುವುದಾದರೆ ಮೈತ್ರಿಯ ಮೂಲಕವೇ ಬರಬೇಕು, ಮೈತ್ರಿಯಲ್ಲಿ ಕೊಡು-ಕೊಳ್ಳು ಇದ್ದೇ ಇರುತ್ತದೆ. ಇದು ಅಳೆಯಬಹುದಾದ ಅಪಾಯ, ಅಳೆಯದೆ ಬಿಟ್ಟರು.

ಇನ್ನೊಂದು ದಾರಿ ಪದಗಳಲ್ಲಿ ಬಿರುಕು ಬಿಟ್ಟುಕೊಳ್ಳುವುದು. 2024ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷ "ದುಡಿಯುವ ಜನರ" ಮೇಲೆ ತೆರಿಗೆ ಏರಿಸುವುದಿಲ್ಲ, ಹಾಗಾಗಿ ರಾಷ್ಟ್ರೀಯ ವಿಮಾ ವಂತಿಗೆಯನ್ನು ಹೆಚ್ಚಿಸುವುದಿಲ್ಲ ಎಂದಿತು. ಗೆದ್ದ ಮೇಲೆ, ಹಿಂದಿನ ಸರ್ಕಾರ 2,200 ಕೋಟಿ ಪೌಂಡ್‌ಗಳ ಕೊರತೆಯನ್ನು ಮುಚ್ಚಿಟ್ಟಿತ್ತು ಎಂದು ಹಣಕಾಸು ಸಚಿವೆ ರೇಚಲ್ ರೀವ್ಸ್ ಹೇಳಿದರು. ಅಕ್ಟೋಬರ್ ಬಜೆಟ್‌ನಲ್ಲಿ ಉದ್ಯೋಗದಾತರು ತೆರುವ ವಂತಿಗೆ ಶೇ 13.8ರಿಂದ 15ಕ್ಕೆ ಏರಿತು. ಭರವಸೆ ಇದ್ದದ್ದು ಕೆಲಸಗಾರರು ತೆರುವ ಪಾಲಿನ ಬಗ್ಗೆ ಎಂದು ಸರ್ಕಾರ ಹೇಳಿದರೆ, ಪ್ರಣಾಳಿಕೆಯಲ್ಲಿ ಅಂಥ ವ್ಯತ್ಯಾಸವೇ ಇಲ್ಲ ಎಂದು ವಿರೋಧಿಗಳು ಎತ್ತಿ ತೋರಿಸಿದರು. ಪದಗಳ ಜಗಳ ಒತ್ತಟ್ಟಿಗಿರಲಿ. ಉದ್ಯೋಗದಾತರ ಮೇಲಿನ ಇಂಥ ಹೊರೆಯ ಹೆಚ್ಚಿನ ಭಾಗ ಕಾಲಕ್ರಮದಲ್ಲಿ ಕಡಿಮೆ ವೇತನದ ರೂಪದಲ್ಲಿ ಕೆಲಸಗಾರರ ಮೇಲೆಯೇ ಬೀಳುತ್ತದೆ ಎಂದು ಆ ದೇಶದ ಸ್ವತಂತ್ರ ಬಜೆಟ್ ಸಂಸ್ಥೆಯೇ ಅಂದಾಜಿಸಿತ್ತು. ಕೊರತೆಯ ಒಂದು ಭಾಗ ನಿಜಕ್ಕೂ ಬಚ್ಚಿಡಲಾಗಿತ್ತು, ಒಪ್ಪಬೇಕು. ಆದರೆ ಬೊಕ್ಕಸ ಬರಿದಾಗಿದೆ, ಎರಡೂ ಪಕ್ಷಗಳು ಅದರ ಬಗ್ಗೆ ಮಾತನಾಡುತ್ತಿಲ್ಲ ಎಂದು ಚುನಾವಣೆಗೆ ಮುನ್ನವೇ ಪರಿಣತರು ಎಚ್ಚರಿಸಿದ್ದರು.

ಷರತ್ತು ಹೇಳಿದವರಿಗೆ ಏನಾಗುತ್ತದೆ?

ಹಾಗಾದರೆ ನಾಯಕರು ಷರತ್ತುಗಳನ್ನು ಮೊದಲೇ ಏಕೆ ಹೇಳುವುದಿಲ್ಲ? ಒಬ್ಬರು "ಆದಾಯ ಕೈಗೂಡಿದರೆ ಮಾಡುತ್ತೇವೆ" ಎನ್ನುತ್ತಾರೆ, ಎದುರಾಳಿ "ಮಾಡಿಯೇ ತೀರುತ್ತೇವೆ" ಎನ್ನುತ್ತಾರೆ. ಕೇಳುವವರಿಗೆ ಮೊದಲಿನವರು ಅಂಜುಬುರುಕರಂತೆ, ಎರಡನೆಯವರು ಧೀರರಂತೆ ಕಾಣುತ್ತಾರೆ. ಎರಡೂ ಮಾತು ಈಡೇರುವ ಸಾಧ್ಯತೆ ಒಂದೇ ಇದ್ದರೂ ಮತ ಹರಿಯುವುದು ಎರಡನೆಯವರತ್ತ. 1984ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ವಾಲ್ಟರ್ ಮಾಂಡೇಲ್, ಗೆದ್ದವರು ಯಾರೇ ಆದರೂ ತೆರಿಗೆ ಏರಿಸಲೇಬೇಕಾಗುತ್ತದೆ, ಎದುರಾಳಿ ರೇಗನ್ ಅದನ್ನು ನಿಮಗೆ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ ಎಂದರು. 50ರಲ್ಲಿ 49 ರಾಜ್ಯಗಳನ್ನು ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ನಾಲ್ಕು ವರ್ಷಗಳ ನಂತರ ಬುಷ್ ಆಡಿದ ಮಾತಿನ ಹಿಂದೆ ಈ ಪಾಠ ಇದ್ದಿತೆನ್ನುವುದರಲ್ಲಿ ಅನುಮಾನ ಬೇಡ.

ಆದರೂ ಷರತ್ತು ಹೇಳಿದವರೆಲ್ಲ ಸೋತಿಲ್ಲ. 1932ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರದ ವೆಚ್ಚವನ್ನು ಕಾಲುಭಾಗದಷ್ಟು ತಗ್ಗಿಸುವ, ಬಜೆಟ್ ಸರಿದೂಗಿಸುವ ಮಾತು ಕೊಟ್ಟರು. ಅಧಿಕಾರಕ್ಕೆ ಬಂದ ಮೇಲೆ ನಡೆದದ್ದು ಅದಕ್ಕೆ ವಿರುದ್ಧ: ವೆಚ್ಚ ಹೆಚ್ಚಿತು, ಕೊರತೆ ಬೆಳೆಯಿತು. ಇದನ್ನು ಮಾತು ತಪ್ಪಿದ ದೊಡ್ಡ ಉದಾಹರಣೆಯಾಗಿ ಹೇಳುವುದುಂಟು. ಆದರೆ ಆ ಭಾಷಣದ ಒಂದು ಭಾಗವನ್ನು ಹೆಚ್ಚಿನವರು ಓದುವುದೇ ಇಲ್ಲ. ಹಸಿವು ಮತ್ತು ತೀವ್ರ ಕಷ್ಟದಿಂದಾಗಿ ಹೆಚ್ಚಿನ ಹಣ ಬೇಕಾಗಿ ಬಜೆಟ್ ಸರಿದೂಗದೆ ಹೋದರೆ, ಜನರಿಗೆ ಪೂರ್ಣ ಸತ್ಯ ಹೇಳಿ ಅವರ ಅನುಮತಿ ಕೇಳುತ್ತೇನೆ ಎಂದೂ ಅವರು ಅಲ್ಲೇ ಹೇಳಿದ್ದರು. ಯಾವ ಸ್ಥಿತಿಯಲ್ಲಿ ಮಾತು ಬದಲಾಗುತ್ತದೆ ಎಂಬುದು ಮಾತಿನ ಜೊತೆಗೇ ಇತ್ತು. 1936ರಲ್ಲಿ ಅವರು 48ರಲ್ಲಿ 46 ರಾಜ್ಯಗಳನ್ನು ಗೆದ್ದರು. ಜನ ಆ ಷರತ್ತನ್ನು ನೆನಪಿಟ್ಟು ಮತ ಹಾಕಿದರೆಂದು ಹೇಳುವುದು ಅತಿಯಾದೀತು. ಷರತ್ತು ಹೇಳಿದ್ದು ಅವರಿಗೆ ಮುಳುವಾಗಲಿಲ್ಲ ಎಂಬಷ್ಟನ್ನು ಖಂಡಿತ ಹೇಳಬಹುದು.

ಎಣಿಸಿ ನೋಡಿದವರು ಕಂಡದ್ದು

ರಾಜಕಾರಣಿಗಳು ಮಾತು ಉಳಿಸಿಕೊಳ್ಳುವುದೇ ಇಲ್ಲ ಎಂಬ ನಂಬಿಕೆ ಎಲ್ಲ ದೇಶಗಳಲ್ಲೂ ಬೇರೂರಿದೆ. ಲೆಕ್ಕ ಬೇರೆಯದನ್ನು ಹೇಳುತ್ತದೆ. ಹನ್ನೆರಡು ದೇಶಗಳ 57 ಚುನಾವಣೆಗಳಲ್ಲಿ ಕೊಟ್ಟ 20,000ಕ್ಕೂ ಹೆಚ್ಚು ಭರವಸೆಗಳನ್ನು ಒಂದೊಂದಾಗಿ ಪರಿಶೀಲಿಸಿದ ಸಂಶೋಧಕರ ತಂಡವೊಂದರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದೇ ಪಕ್ಷ ಸರ್ಕಾರ ನಡೆಸಿದಲ್ಲಿ ಭರವಸೆಗಳ ದೊಡ್ಡ ಪಾಲು ಪೂರ್ತಿಯಾಗಿಯೋ ಭಾಗಶಃವೋ ಈಡೇರಿತ್ತು. ಮೈತ್ರಿ ಸರ್ಕಾರಗಳಲ್ಲಿ ಈ ಪ್ರಮಾಣ ಇಳಿಯುತ್ತಿತ್ತು. ಆರ್ಥಿಕತೆ ಬೆಳೆಯುತ್ತಿದ್ದಾಗ ಏರುತ್ತಿತ್ತು.

ಜನರ ಅನಿಸಿಕೆಗೂ ಈ ಲೆಕ್ಕಕ್ಕೂ ಇಷ್ಟು ಅಂತರ ಏಕೆ? ಎಣಿಕೆಯಲ್ಲಿ ಎಲ್ಲ ಭರವಸೆಗಳಿಗೂ ಒಂದೇ ತೂಕ. ಸಣ್ಣ ನಿಯಮವೊಂದರ ತಿದ್ದುಪಡಿಯೂ ಒಂದು, ತೆರಿಗೆ ಏರಿಸುವುದಿಲ್ಲ ಎಂಬುದೂ ಒಂದು. ಜನ ಮತ ಹಾಕುವುದು ಇನ್ನೂರು ಸಣ್ಣ ಭರವಸೆಗಳನ್ನು ನೋಡಿಯಲ್ಲ, ಮೂರೋ ನಾಲ್ಕೋ ದೊಡ್ಡ ಮಾತುಗಳನ್ನು ಕೇಳಿ. ಅನಿಶ್ಚಿತತೆಯ ಹೊಡೆತಕ್ಕೆ ಮೊದಲು ಸಿಕ್ಕುವುದೂ ಆ ದೊಡ್ಡ ಮಾತುಗಳೇ. ಕಾನೂನಿನ ಸಾಲೊಂದನ್ನು ಬದಲಿಸುತ್ತೇವೆ ಎಂಬುದು ಸರ್ಕಾರದ ಕೈಯಲ್ಲಿರುವ ಕೆಲಸ. ಉದ್ಯೋಗ ಹೆಚ್ಚಿಸುತ್ತೇವೆ, ಬೆಲೆ ಇಳಿಸುತ್ತೇವೆ ಎಂಬುದು ಫಲಿತಾಂಶದ ಭರವಸೆ. ಅದರಲ್ಲಿ ಸರ್ಕಾರದ ಕೈ ಎಷ್ಟೋ, ಹೊರಗಿನ ಜಗತ್ತಿನ ಕೈಯೂ ಅಷ್ಟೇ.

ಕೈ ಕಟ್ಟಿಹಾಕುವ ಪ್ರಯತ್ನಗಳು

ಮಾತನ್ನು ಕಾನೂನಾಗಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಫಿನ್ ಕಿಡ್‌ಲ್ಯಾಂಡ್ ಮತ್ತು ಎಡ್ವರ್ಡ್ ಪ್ರೆಸ್ಕಾಟ್ ಎಂಬ ಅರ್ಥಶಾಸ್ತ್ರಜ್ಞರು 1977ರಲ್ಲಿ ಇದರ ಹಿಂದಿನ ತರ್ಕವನ್ನು ಬಿಡಿಸಿಟ್ಟರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಪ್ರಾಮಾಣಿಕವಾಗಿ ರೂಪಿಸಿದ ಯೋಜನೆಯಿಂದ ನಾಳೆ ಹಿಂದೆ ಸರಿಯುವುದೇ ಸರ್ಕಾರಕ್ಕೆ ಲಾಭವಾಗಿ ಕಾಣಬಹುದು. ಇದು ಗೊತ್ತಿರುವ ಜನ ಮೊದಲಿನಿಂದಲೇ ನಂಬುವುದಿಲ್ಲ. ನಂಬದಿದ್ದಾಗ ಒಳ್ಳೆಯ ಯೋಜನೆಯೂ ಕೆಡುತ್ತದೆ. ಆದ್ದರಿಂದ ಸರ್ಕಾರ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದು ಒಳಿತು. ಕೇಂದ್ರೀಯ ಬ್ಯಾಂಕುಗಳಿಗೆ ಸ್ವಾಯತ್ತತೆ ಕೊಟ್ಟದ್ದಕ್ಕೂ ಜರ್ಮನಿ 2009ರಲ್ಲಿ ಸಾಲದ ಕಡಿವಾಣವನ್ನು ಸಂವಿಧಾನಕ್ಕೆ ಸೇರಿಸಿದ್ದಕ್ಕೂ ಹಿನ್ನೆಲೆಯಲ್ಲಿ ಇರುವುದು ಇದೇ ಬಗೆಯ ಯೋಚನೆ.

ಆದರೆ ಗಂಟು ಬಿಗಿಯಾದಷ್ಟೂ ಬಿರುಗಾಳಿಯಲ್ಲಿ ಬಾಗುವುದು ಕಷ್ಟ. ಸಡಿಲವಾದರೆ ಜಾರಿಕೊಳ್ಳುವುದು ಸುಲಭ. ಬ್ರಿಟನ್ 2015ರಲ್ಲಿ ತೆರಿಗೆ ಏರಿಸದಿರುವ ಭರವಸೆಯನ್ನು ಕಾನೂನಾಗಿಸಿತು. 2017ರ ಮಾರ್ಚ್‌ನಲ್ಲಿ ಹಣಕಾಸು ಸಚಿವ ಫಿಲಿಪ್ ಹ್ಯಾಮಂಡ್ ಸ್ವಯಂ ಉದ್ಯೋಗಿಗಳ ವಿಮಾ ವಂತಿಗೆಯನ್ನು ಏರಿಸಲು ಹೊರಟಾಗ, ಕಾನೂನು ಆ ವರ್ಗದ ವಂತಿಗೆಗೆ ಅನ್ವಯಿಸುವುದಿಲ್ಲ ಎಂಬುದು ಸರ್ಕಾರದ ವಾದವಾಗಿತ್ತು. ಪ್ರಣಾಳಿಕೆ ಹೇಳಿದ್ದಕ್ಕಿಂತ ಕಾನೂನು ಕಿರಿದಾಗಿತ್ತು. ಸ್ವಪಕ್ಷೀಯರೇ ತಿರುಗಿಬಿದ್ದಾಗ ಒಂದೇ ವಾರದಲ್ಲಿ ಪ್ರಸ್ತಾಪ ಹಿಂದಕ್ಕೆ ಹೋಯಿತು. ಕಾನೂನು ತಡೆಯದದ್ದನ್ನು ಬಹಿರಂಗ ಚರ್ಚೆ ತಡೆಯಿತು.

ನ್ಯಾಯಾಲಯಗಳಂತೂ ಈ ವಿಷಯದಿಂದ ದೂರವೇ ನಿಂತಿವೆ. ಯುರೋಪ್ ಒಕ್ಕೂಟದ ಒಪ್ಪಂದದ ಕುರಿತು ಜನಮತಗಣನೆಯ ಮಾತು ಉಳಿಸಿಕೊಂಡಿಲ್ಲ ಎಂದು 2008ರಲ್ಲಿ ಇಂಗ್ಲೆಂಡಿನಲ್ಲಿ ಹೂಡಿದ ಮೊಕದ್ದಮೆ ಬಿದ್ದುಹೋಯಿತು. ಪ್ರಣಾಳಿಕೆಯ ಭರವಸೆಗಳನ್ನು ಚುನಾವಣಾ ಭ್ರಷ್ಟಾಚಾರವೆಂದು ಪರಿಗಣಿಸಲಾಗದು ಎಂದ ಭಾರತದ ಸುಪ್ರೀಂ ಕೋರ್ಟ್, 2013ರಲ್ಲಿ ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಹೇಳಿತು. ಭರವಸೆಯನ್ನು ಒಪ್ಪಂದವೆಂದು ಜಾರಿಗೊಳಿಸಹೊರಟರೆ ಶಾಸಕಾಂಗದ ಕೆಲಸ ನ್ಯಾಯಾಧೀಶರ ಕೈಗೆ ಹೋಗುತ್ತದೆ. ಈ ಹಿಂಜರಿಕೆ ಸರಿಯಾದದ್ದೇ.

ಹೆಚ್ಚು ಫಲ ಕೊಟ್ಟಿರುವ ದಾರಿ ಮಾತು ಕೊಡುವ ಮೊದಲೇ ಲೆಕ್ಕ ಕೇಳುವುದು. ನೆದರ್ಲೆಂಡ್ಸ್‌ನಲ್ಲಿ ಸರ್ಕಾರಿ ಆರ್ಥಿಕ ವಿಶ್ಲೇಷಣಾ ಸಂಸ್ಥೆಯೊಂದು 1986ರಿಂದ ಪಕ್ಷಗಳ ಪ್ರಣಾಳಿಕೆಗಳ ಖರ್ಚು, ಪರಿಣಾಮಗಳನ್ನು ಚುನಾವಣೆಗೆ ಮುನ್ನ ಲೆಕ್ಕ ಹಾಕಿ ಪ್ರಕಟಿಸುತ್ತ ಬಂದಿದೆ. ಪಕ್ಷಗಳು ಸ್ವಇಚ್ಛೆಯಿಂದ ತಮ್ಮ ಯೋಜನೆಗಳನ್ನು ಒಪ್ಪಿಸುತ್ತವೆ. ಒಪ್ಪಿಸದೆ ಉಳಿದರೆ ಅದೇ ಸುದ್ದಿಯಾಗುತ್ತದೆ. ಆಸ್ಟ್ರೇಲಿಯಾ 2012ರಲ್ಲಿ ಸಂಸದೀಯ ಬಜೆಟ್ ಕಚೇರಿ ಸ್ಥಾಪಿಸಿ ಇದೇ ದಾರಿ ಹಿಡಿಯಿತು. ಇಂಥ ಲೆಕ್ಕ ಭವಿಷ್ಯವನ್ನು ಹೇಳಲಾರದು. ಭರವಸೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಮಾತು ಕೊಟ್ಟ ದಿನವೇ ಉತ್ತರ ದಾಖಲಾಗುತ್ತದೆ. "ನಮಗೆ ತಿಳಿದಿರಲಿಲ್ಲ" ಎಂದು ಆಮೇಲೆ ನುಣುಚಿಕೊಳ್ಳಲು ಜಾಗ ಕಡಿಮೆಯಾಗುತ್ತದೆ.

ಪೆಟ್ಟು ಬೀಳುವುದು ಯಾರಿಗೆ

ಮಾತು ಮುರಿದಾಗ ಚರ್ಚೆಯೆಲ್ಲ ನಾಯಕರ ವಿಶ್ವಾಸಾರ್ಹತೆಯ ಸುತ್ತ ಸುತ್ತುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಆ ಮಾತನ್ನು ನಂಬಿ ಬದುಕಿನ ತೀರ್ಮಾನ ಕೈಗೊಂಡವರದ್ದು. 2023ರ ಅಕ್ಟೋಬರ್ 4ರಂದು ಬ್ರಿಟನ್ ಪ್ರಧಾನಿ ರಿಷಿ ಸುನಕ್ ಬರ್ಮಿಂಗ್‌ಹ್ಯಾಮ್‌ನಿಂದ ಮ್ಯಾಂಚೆಸ್ಟರ್‌ಗೆ ಹೋಗಬೇಕಿದ್ದ ಹೈಸ್ಪೀಡ್ ರೈಲು ಮಾರ್ಗವನ್ನು ರದ್ದುಗೊಳಿಸಿದರು. ಘೋಷಣೆ ಮಾಡಿದ್ದು ಮ್ಯಾಂಚೆಸ್ಟರ್‌ನಲ್ಲಿಯೇ, ಹಿಂದೊಮ್ಮೆ ರೈಲು ನಿಲ್ದಾಣವಾಗಿದ್ದ ಸಭಾಂಗಣದಲ್ಲಿ. ವಾಸ್ತವಗಳು ಬದಲಾಗಿವೆ ಎಂಬುದು ಅವರ ವಾದ. ವೆಚ್ಚ ಏರಿದ್ದು ನಿಜ, ಸಾಂಕ್ರಾಮಿಕದ ನಂತರ ಪ್ರಯಾಣದ ರೀತಿ ಬದಲಾದದ್ದೂ ನಿಜ. ಆದರೆ ಅಷ್ಟರಲ್ಲಿ ಮಾರ್ಗದ ಉದ್ದಕ್ಕೂ ಮನೆಗಳನ್ನು, ಹೊಲಗಳನ್ನು ಕೊಂಡುಕೊಳ್ಳಲಾಗಿತ್ತು. ಕುಟುಂಬಗಳು ಬೇರೆಡೆಗೆ ಹೋಗಿದ್ದವು. ರೈಲು ಬರುವುದೆಂದು ನಗರಸಭೆಗಳು ನಿಲ್ದಾಣದ ಸುತ್ತಲಿನ ಬೆಳವಣಿಗೆಯ ನಕ್ಷೆ ಬರೆದಿದ್ದವು. ಸರ್ಕಾರ ತನ್ನ ತೀರ್ಮಾನ ಬದಲಿಸಬಹುದು. ಬಿಟ್ಟುಹೋದ ಮನೆಗೆ ಹತ್ತು ವರ್ಷ ಹಿಂದಕ್ಕೆ ಮರಳುವ ದಾರಿ ಆ ಕುಟುಂಬಕ್ಕೆ ಇಲ್ಲ.

ಇದು ಪದೇಪದೇ ನಡೆದರೆ ಜನ ಭರವಸೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದಂತಾಗುತ್ತಾರೆ. ಉದ್ಯಮಗಳು ಹೂಡಿಕೆಯನ್ನು ಮುಂದೂಡುತ್ತವೆ, ಮನೆಮಂದಿ ಉಳಿತಾಯದ ಯೋಜನೆ ಬದಲಿಸುತ್ತಾರೆ. ಯಾವ ಮಾತಿಗೂ ಬೆಲೆ ಇಲ್ಲದಿದ್ದಾಗ, ಮಾತನ್ನು ಎಚ್ಚರದಿಂದ ಆಡುವ ನಾಯಕರಿಗೂ ಬಾಯಿಗೆ ಬಂದದ್ದು ಹೇಳುವವರಿಗೂ ಮತದಾರರ ಕಣ್ಣಿನಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. ಲಾಭ ಎರಡನೆಯವರಿಗೆ.

ಮತ್ತೆ ಜರ್ಮನಿಗೆ

ಈಗ ಮೊದಲ ಪ್ರಶ್ನೆ. ಮೆರ್ಜ್ ಅವರ ತೀರ್ಮಾನವನ್ನು ಎರಡು ಭಾಗ ಮಾಡಿ ನೋಡಬೇಕು. ರಕ್ಷಣಾ ವೆಚ್ಚದ ಭಾಗಕ್ಕೆ "ಕಾಲ ಬದಲಾಯಿತು" ಎಂಬ ವಾದ ಸಾಕಷ್ಟು ಹೊಂದುತ್ತದೆ. ಅಮೆರಿಕದ ನಿಲುವಿನ ಬಗ್ಗೆ ಆತಂಕ ಮೊದಲೇ ಇತ್ತು, ಆದರೆ ಫೆಬ್ರುವರಿ ಕೊನೆಯ ಆ ದಿನಗಳ ವೇಗವನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಮೂಲಸೌಕರ್ಯದ ನಿಧಿಗೆ ಅದೇ ವಾದ ಹೊಂದುವುದಿಲ್ಲ. ಸೇತುವೆಗಳು ಶಿಥಿಲವಾಗಿದ್ದು, ರೈಲು ಜಾಲ ಬಳಲಿದ್ದು ಒಂದು ವಾರದಲ್ಲಿ ಆದದ್ದಲ್ಲ. ಸಾಲದ ಕಡಿವಾಣದ ಜಗಳದಲ್ಲೇ ಹಿಂದಿನ ಸರ್ಕಾರ 2024ರ ನವೆಂಬರ್‌ನಲ್ಲಿ ಮುರಿದುಬಿದ್ದಿತ್ತು. ಕಡಿವಾಣದ ಸುಧಾರಣೆ ಚರ್ಚಿಸಬಹುದಾದ ವಿಷಯ ಎಂದು ಮೆರ್ಜ್ ಅವರೇ ಆ ತಿಂಗಳು ಹೇಳಿದ್ದರು. ಪ್ರಣಾಳಿಕೆಯ ಸಾಲಿನಲ್ಲಿ ಮಾತ್ರ ಆ ಸೂಕ್ಷ್ಮ ಉಳಿಯಲಿಲ್ಲ. ಷರತ್ತು ನಾಯಕನ ಮನಸ್ಸಿನಲ್ಲಿತ್ತು, ಮತದಾರರ ಕೈಗೆ ಕೊಟ್ಟ ಕಾಗದದಲ್ಲಿ ಇರಲಿಲ್ಲ. ಹಾಗಾಗಿ ಮೊದಲ ಭಾಗವನ್ನು ಪರಿಸ್ಥಿತಿಯ ಒತ್ತಡವೆಂದೂ ಎರಡನೆಯದನ್ನು ಮುರಿದ ಮಾತೆಂದೂ ಕರೆಯುವುದು ನ್ಯಾಯವೆಂದು ನನಗೆ ತೋರುತ್ತದೆ. ಎರಡನೆಯದು ದೇಶಕ್ಕೆ ಬೇಕಾದ ಕೆಲಸವೇ ಆಗಿರಬಹುದು; ಆ ಪ್ರಶ್ನೆ ಬೇರೆ.

ಕಥೆ ಇಲ್ಲಿಗೆ ನಿಂತಿಲ್ಲ. ತಿದ್ದುಪಡಿಗೆ ಬೆಂಬಲ ಕೊಡಲು ಹಸಿರು ಪಕ್ಷ ಒಂದು ಪದಕ್ಕಾಗಿ ಪಟ್ಟು ಹಿಡಿಯಿತು: ಈ ಸಾಲದ ಹಣ "ಹೆಚ್ಚುವರಿ" ಹೂಡಿಕೆಗೆ ಮಾತ್ರ ಹೋಗಬೇಕು. ಮಾಮೂಲಿ ಬಜೆಟ್‌ನಲ್ಲಿ ಹೇಗೂ ಮಾಡಬೇಕಿದ್ದ ಕೆಲಸಗಳನ್ನು ನಿಧಿಗೆ ದಾಟಿಸಿ, ಬಜೆಟ್‌ನಲ್ಲಿ ಹಾಗೆ ಉಳಿದ ಹಣವನ್ನು ಬೇರೆ ಭರವಸೆಗಳಿಗೆ ಬಳಸಬಾರದು ಎಂಬುದು ಆ ಪದದ ಉದ್ದೇಶ. ಪದ ಈಗ ಸಂವಿಧಾನದಲ್ಲಿದೆ. ನಿಧಿಯ ಅವಧಿ ಹನ್ನೆರಡು ವರ್ಷ. ಯಾವ ರಸ್ತೆ ಹೆಚ್ಚುವರಿ, ಯಾವುದು ಹೇಗೂ ಆಗಬೇಕಿದ್ದದ್ದು ಎಂಬ ವಾಗ್ವಾದ ಪ್ರತಿ ಬಜೆಟ್‌ನಲ್ಲೂ ಏಳಲಿದೆ. ಹಳೆಯ ಮಾತನ್ನು ಮುರಿದು ಕೊಟ್ಟ ಈ ಹೊಸ ಮಾತಿನ ಲೆಕ್ಕವನ್ನು ಅಲ್ಲಿನ ಮತದಾರರು ಸಾಲು ಸಾಲಾಗಿ ಕೇಳಬಹುದು.